ಇನ್ನೊಂದು ಸರ್ತಿ

ಮುಡಿಪಿನಾಚೆ, ಕಲ್ಲು ಮುಗಿದು ಬಿಟ್ಟುಹೋದ ಕೋರೆ.
ಗೋಡೆಯ ಮೈಮೇಲೆ ಗರಗಸ ಬಾಚಿದ ಗೆರೆ ಇನ್ನೂ ಇದೆ,
ತಳದಲ್ಲಿ ಮಳೆಗಾಲ ಮರೆತುಹೋದ ಹಸಿರು ನೀರು,
ಒಂದು ಹವಾಯಿ ಚಪ್ಪಲಿ, ಒಂಟಿ.
ಮೇಲೆ ಅಂಚಿಗೆ ಸೆಂಟ್ರಿಂಗಿನ ಹಲಗೆ ಎರಡು ಹೊಡೆದು
ಹುಡುಗರು ಮಾಡಿದ್ದಾರೆ ಹಾರುವ ಜಾಗ.
ಕೆಳಗೆ ಕೆಮ್ಮಣ್ಣು ಒಟ್ಟಿ, ಕೊಡ ಕೊಡ ನೀರು ಹೊಯ್ದು,
ಸಲಿಕೆಯ ಬೆನ್ನಲ್ಲಿ ಬಡಿದು ಬಡಿದು, ಇಳಿಯುವ ಜಾಗ.
ನಡುವೆ ಇರುವುದು ಯಾರೂ ಮಾಡಿದ್ದಲ್ಲ.

ನಾನು ಮದುವೆ ಫೋಟೋದವ, ತೊಕ್ಕೊಟ್ಟಿನಲ್ಲಿ ಅಂಗಡಿ.
ಮುಹೂರ್ತವಿಲ್ಲದ ಭಾನುವಾರ ಇಲ್ಲಿ,
ಮುಳಿಹುಲ್ಲಿನ ನಡುವೆ ಹೊಟ್ಟೆ ಹಚ್ಚಿ
ಉಡದ ಹಾಗೆ.
ಮೊದಮೊದಲು ನಿಂತೇ ತೆಗೆದೆ. ಹದಿನಾಲ್ಕು ಅಡಿ ಆಳ
ಹಿತ್ತಲ ಮೆಟ್ಟಿಲಿನಷ್ಟು ಬಂತು.
ತ್ವಾಹಾ ನೋಡಿ ನಕ್ಕ:
"ಇಷ್ಟೇ ಆದರೆ ನಮ್ಮ ಉಮ್ಮನೂ ಹಾರಿಯಾಳು."
ಆಮೇಲೆ ಕಲಿತೆ, ಆಳಕ್ಕೆ ಸಾಕ್ಷಿ ಬೇಕು.
ಬಿಟ್ಟ ಅಂಚೂ ಬೇಕು, ಮುಟ್ಟಲಿರುವ ಮಣ್ಣೂ ಬೇಕು.
ಮನುಷ್ಯನನ್ನು ಮಾತ್ರ ಹಿಡಿದರೆ
ಆಕಾಶಕ್ಕೆ ಅಂಟಿಸಿದ ಸೈಕಲ್ಲು, ಅಷ್ಟೆ.

ಕಣ್ಣಿಗಿಂತ ಮೊದಲು ಕಿವಿಗೆ ಬರುತ್ತಾರೆ.
ಜಲ್ಲಿಯ ಮೇಲೆ ಟಯರಿನ ಗರಗರ,
ಹಲಗೆಯ ಎರಡು ಧಡ್, ಆಮೇಲೆ ಏನಿಲ್ಲ.
ಫ್ರೀವೀಲಿನೊಳಗಿನ ಜೀರುಂಡೆ ಮಾತ್ರ
ನೆಲ ಹೋದದ್ದು ತಿಳಿಯದೆ ಕೂಗುತ್ತಿರುತ್ತದೆ.

ಮೆಲ್ರೋಯ್ ಐದು ಸಲ ಹಾರಿ ಆಗಿತ್ತು.
ಕಡಲ ಕಡೆಯಿಂದ ಬಿಸಿಲು ಅಡ್ಡ ಬಂದು
ಕಲ್ಲಿನ ಒಂದೊಂದು ಗೆರೆಗೂ ನೆರಳು ಮೂಡುವ ಹೊತ್ತು.
ನಾನೇ ಅಂದೆ: "ಇನ್ನೊಂದು ಸರ್ತಿ."
ಹಾರ ಹಾಕುವಾಗ ಮದುಮಗನಿಗೆ ಅನ್ನುತ್ತೇನಲ್ಲ, ಅದೇ ದನಿ.
ಮದುಮಗ ಹಾರ ತೆಗೆದು ಮತ್ತೆ ಹಾಕುತ್ತಾನೆ,
ಏನೂ ಆಗುವುದಿಲ್ಲ.
ಇವನ ಮುಂದಿನ ಚಕ್ರ ಒಂದು ಗೇಣು ಮೊದಲೇ ಮಣ್ಣು ಮುಟ್ಟಿತು.
ಕೊರಳ ಪಕ್ಕದ ಎಲುಬು
ಒಣ ಕೊತ್ತಳಿಗೆ ಮುರಿದಂತೆ ಸದ್ದು ಮಾಡಿತು.
ನನ್ನ ಬೆರಳು ಬಟನ್ ಬಿಟ್ಟಿರಲಿಲ್ಲ.
ಇಪ್ಪತ್ತಮೂರು ಚಿತ್ರ, ಒಂದಕ್ಕಿಂತ ಒಂದು ಸ್ಪಷ್ಟ.
ದೇರಳಕಟ್ಟೆಗೆ ರಿಕ್ಷಾದಲ್ಲಿ, ತ್ವಾಹಾನ ಹೆಗಲಿಗೆ ಒರಗಿ
ಅವನು ಕೇಳಿದ ಮೊದಲ ಮಾತು, "ಬಂತಾ?"
ಬಂದಿದೆ ಅಂದೆ.
ನಾಚಿಕೆಯಾಗುವಷ್ಟು ಚೆನ್ನಾಗಿ ಬಂದಿತ್ತು.
ಅಂಗಡಿಯೆದುರು ಹಾದರೆ ಅವನ ಮಮ್ಮಿ
ಈಗಲೂ ಮುಖ ತಿರುಗಿಸುವುದಿಲ್ಲ, ನಗುತ್ತಾರೆ.
ತಿರುಗಿಸಿದ್ದರೆ ವಾಸಿಯಿತ್ತು.

ಅನ್ವಿತಾ ಬಂಗೇರ ಬಂದದ್ದು ಅದಾಗಿ ಎರಡು ತಿಂಗಳಿಗೆ.
ಅಂಚಿನವರೆಗೆ ತುಳಿದು ಬಂದಳು, ಬ್ರೇಕು.
ಹಿಂದೆ ದೂಡಿಕೊಂಡು ಹೋದಳು, ಬಂದಳು, ಬ್ರೇಕು.
ಮೂರು ಸಲ. ಯಾರೂ ಏನೂ ಹೇಳಲಿಲ್ಲ,
ಕೈಗೆ ಬೆಲ್ಟು ಕಟ್ಟಿಕೊಂಡೇ ಬಂದಿದ್ದ ಮೆಲ್ರೋಯ್ ಕೂಡ.
ಇವತ್ತಿಲ್ಲ ಅಂದುಕೊಂಡೆ. ಪರದೆಯಲ್ಲಿ
ಹಿಂದಿನ ಚಿತ್ರದ ಬೆಳಕು ನೋಡುತ್ತಿದ್ದೆ.
ಧಡ್ ಧಡ್.
ತಲೆ ಎತ್ತುವ ಮೊದಲೇ ಬೆರಳು ಒತ್ತಿತು.
ತಲೆ ಎತ್ತಿದಾಗ ಅವಳು ಕೋರೆಯ ಆಚೆ ಮೂಲೆಯಲ್ಲಿ,
ಹೆಲ್ಮೆಟ್ ಕಳಚಿ, ಉಸಿರು ಸಾಲದೆ, ಬೈಯುತ್ತಿದ್ದಳು
ಯಾರನ್ನೂ ಅಲ್ಲ, ತುಳುವಿನಲ್ಲಿ, ಖುಷಿಗೆ.

"ಬಂತಾ?"
ಇಲ್ಲ ಅಂದೆ.
ನಾಲಿಗೆಯ ತುದಿಗೆ ಬಂದಿತ್ತು ಆ ಮಾತು.
ನುಂಗಿದೆ, ಮೀನಿನ ಮುಳ್ಳು ಅನ್ನದೊಟ್ಟಿಗೆ ನುಂಗಿದ ಹಾಗೆ.
ಅವಳೇ ಹೇಳಿದಳು, "ಅಡ್ಡಿಲ್ಲ ಮಾರಾಯ್ರೆ.
ನೀವು ನೋಡಿದ್ರಲ್ಲ?"
ನೋಡಿದ್ದೇನೆ ಅಂದೆ.
ಅದೊಂದು ಸುಳ್ಳು ಈ ಕವಿತೆಯಲ್ಲಿದೆ, ಇನ್ನೆಲ್ಲೂ ಇಲ್ಲ.

ಬೆರಳು ತಾನಾಗಿ ತೆಗೆದ ಚಿತ್ರ ಅಂಗಡಿಯಲ್ಲಿ ಹಾಕಿದ್ದೇನೆ,
ಬಾಸಿಂಗದ ಜೋಡಿಗಳ ಪಕ್ಕ, ದೊಡ್ಡದು ಮಾಡಿಸಿ.
ಎರಡು ಹಲಗೆ. ಕೆಳಗೆ ಮಣ್ಣಿನ ಇಳಿಜಾರು,
ಅದರ ಮೇಲೆ ಚೂರು ಧೂಳು. ನಡುವೆ ಯಾರಿಲ್ಲ.
ಮೊನ್ನೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರೊಬ್ಬರು
ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ ಕೇಳಿದರು:
"ಇದು ಎಲ್ಲಿಯದ್ದು? ಜಾಗ ಕೊಡ್ಲಿಕ್ಕುಂಟಾ?"