ಬೆಳ್ಳಿ ಬೆಡಗು

ಬರ್ಮಿಂಗ್‌ಹ್ಯಾಮಿನ ವೈಸ್ ಬೀದಿ, ಮೂರನೇ ಮಹಡಿ.
ಉತ್ತರದ ಕಿಟಕಿಯಲ್ಲಿ ಕೂತು
ನಾನು ಕುಲಗಳನ್ನು ಅಳಿಸುತ್ತೇನೆ,
ಗಂಟೆಗೆ ಹದಿನಾಲ್ಕು ಪೌಂಡು.

ನಗಬೇಡಿ. ಹಳೇ ಬೆಳ್ಳಿಯ ಮೇಲೆ
ಯಾರದೋ ಮನೆತನದ ಗುರುತಿದ್ದರೆ
ಕೊಳ್ಳುವವರು ಹಿಂಜರಿಯುತ್ತಾರೆ:
ಹಂದಿಯ ತಲೆ, ಮುರಿದ ಭರ್ಜಿ ಹಿಡಿದ ಮುಷ್ಟಿ,
ಹೊಸೆದ ಸಿಂಬಿಯ ಮೇಲೆ ನಿಂತ ನೀರುನಾಯಿ.
‘ಉಣ್ಣುವಾಗ ಇನ್ನೊಬ್ಬರ ತಾತ ದಿಟ್ಟಿಸಿದ ಹಾಗೆ’
ಅನ್ನುತ್ತಾನೆ ಮಾಲೀಕ ಪ್ಲಿಮರ್.
ಕಲ್ಲು, ಎಣ್ಣೆ, ಪುಡಿ, ತಿರುಗುವ ಚಕ್ರ.
ಒಂದು ನೀರುನಾಯಿಗೆ ಇಪ್ಪತ್ತು ನಿಮಿಷ.
ಆಮೇಲೆ ಅಲ್ಲಿ ತಟ್ಟೆ ತೆಳ್ಳಗಾಗಿ
ಹೆಬ್ಬೆರಳೊತ್ತಿದರೆ
ಎಳೆಗೂಸಿನ ನೆತ್ತಿಯ ಹಾಗೆ ತಗ್ಗುತ್ತದೆ.

ಫೋನಿನಲ್ಲಿ ಕೆಲಸ ಇಂಥದ್ದು ಅಂದಾಗ
ಅವ್ವ ಬಹಳ ಹೊತ್ತು ಮಾತಾಡಲಿಲ್ಲ.
ನಮ್ಮದು ಬೆಳ್ಳಿ ಬೆಡಗು.
ಬೆಳ್ಳಿಯವರು ಬೆಳ್ಳಿ ತೊಡುವ ಹಾಗಿಲ್ಲ;
ಅವ್ವನ ಕಾಲುಂಗುರ ಕಂಚಿನದು.
ಅತ್ತಿಯವರು ಅತ್ತಿಯ ಸೌದೆ ಒಲೆಗಿಡರು,
ಆನೆಯವರು ಬಳೆಗಾರ ದಂತ ತೋರಿದರೆ
ಕಣ್ಣಿಗೊತ್ತಿ ಹಿಂದೆ ಕೊಡುವರು.
ಮುಟ್ಟದೆ ಬಿಟ್ಟಿದ್ದು ಯಾವುದೋ
ಅದೇ ನಮ್ಮ ಗುರುತು.
ಇಲ್ಲಿ ಗುರುತನ್ನು ಚಮಚಕ್ಕೆ ಕೊರೆದು
ಚಹಾ ಕದಡಿದ್ದಾರೆ, ಇನ್ನೂರು ವರ್ಷ.
‘ಕೈಗೆ ಬಟ್ಟೆ ಸುತ್ತಿಕೊಂಡು ಮಾಡು’
ಅಂದಳು ಕೊನೆಗೆ.
ಹತ್ತಿಯ ಗವಸು ಹಾಕುತ್ತೇನೆ.
ಶುಚಿ ಅಂದುಕೊಂಡಿದ್ದಾನೆ ಪ್ಲಿಮರ್.

ಮೊನ್ನೆ ಮಂಗಳವಾರ, ಮಧ್ಯಾಹ್ನದ ಬಿಡುವಿನಲ್ಲಿ,
ಡಡ್ಲಿಯಿಂದ ಬಂದವಳು ಡೋರೀನ್ ಹಿಂಗ್ಲಿ.
ಬ್ರೆಡ್ಡಿನ ಕಾಗದದಲ್ಲಿ ಸುತ್ತಿದ ಒಂದೇ ಚಮಚ,
ಕತ್ತಿನಲ್ಲಿ ಸೀಳು.
ಹಿಡಿಯ ತುದಿಗೆ ಕೊಕ್ಕರೆ ಇರಬೇಕು:
ಎರಡು ಕಾಲು ಮಾತ್ರ ನಿಂತಿವೆ.
ನಿಮ್ಮ ಮನೆತನದ್ದೇ? ಕೇಳಿದೆ.
‘ಅಯ್ಯೋ ಇಲ್ಲ. ಅಜ್ಜಿ ಆ ಮನೆಯಲ್ಲಿ ಬೆಳ್ಳಿ ಬೆಳಗುತ್ತಿದ್ದಳು,
ಗುರುವಾರ ಗುರುವಾರ, ಹತ್ತೊಂಬತ್ತು ವರ್ಷ.
ಬಿಡುವಾಗ ಅವರೇ ಕೊಟ್ಟರಂತೆ.’
ತುಸು ತಡೆದು,
‘ಹಾಗಂತ ಹೇಳುತ್ತಿದ್ದಳು.’

ಸೀಳು ಬೆಸೆಯುತ್ತೇನೆ. ಹಕ್ಕಿಯನ್ನೂ ಪೂರ್ತಿ ಅಳಿಸಲೇ?
ಅವಳು ಚಮಚ ಕಿತ್ತುಕೊಂಡಳು.
‘ಸವೆದಿದೆಯಲ್ಲ, ಅಷ್ಟು ಮಾತ್ರ ನಮ್ಮದು.’

ಏನು ಹೇಳಲಿ. ಮತ್ತೆ ಕೇಳಿ ತೆಗೆದುಕೊಂಡು
ಬಾಯಿ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟೆ.
ಅಳಿದದ್ದು ಆವಿಗೆ ಒಮ್ಮೊಮ್ಮೆ ಎದ್ದು ಬರುತ್ತದೆ,
ಈ ಕಸುಬಿನವರಿಗೆ ಗೊತ್ತು.
ಬಂತು: ಕತ್ತಿನ ಬಾಗು, ಕಣ್ಣಿನ ಚುಕ್ಕೆ,
ಕೊಕ್ಕಿನಲ್ಲಿ ಹಾವುಮೀನು ನುಲಿಯುತ್ತಿದೆ,
ಅಡ್ಡಲಾಗಿ ಬಟ್ಟೆ ಹೋಗಿಬಂದ ನೂರು ಗೆರೆ,
ಎಲ್ಲ ಒಂದೇ ಓರೆಗೆ.
‘ಎಡಗೈಯವಳು ಅವಳು,’ ಅಂದಳು ಡೋರೀನ್,
ಅಷ್ಟರಲ್ಲಿ ಆರಿತು.
‘ಇನ್ನೊಂದು ಸಲ.’

ಇನ್ನೊಂದು ಸಲ.
ಅವಳು ಹೋದ ಮೇಲೆ ನೋಡಿಕೊಂಡೆ,
ಗವಸು ಮೇಜಿನ ಮೇಲೇ ಇತ್ತು.
ಅವ್ವನಿಗೆ ಹೇಳಿಲ್ಲ.