ಪಾವಿಗೆ ಹನ್ನೊಂದು

ಒಂದು ಪಾವು ಮಂಡಕ್ಕಿ ತಟ್ಟೆಗೆ ಸುರಿದು
ಅರಳದ ಕಾಳು ಆರಿಸಿ ಎಣಿಸುವುದು,
ಇಷ್ಟೇ.
ಲೆಕ್ಕ ಬರೆಯಲು ಕೂತವನಿಗೆ ಇದೇನು ಹುಚ್ಚು
ಅಂದವರುಂಟು ದಾವಣಗೆರೆಯ ಭಟ್ಟಿಸಾಲಿನಲ್ಲಿ.
ಮಿಲ್ಲು ಮುಚ್ಚಿದ ದಿನ ಜೇಬಿಗಿಳಿದ ಕೆಂಪು-ನೀಲಿ ಪೆನ್ಸಿಲು,
ಮಗಳು ಬಿಟ್ಟುಹೋದ ಗ್ರಾಫ್ ಪುಸ್ತಕ,
ಹೊಟ್ಟಿನ ಹೊಗೆಗೆ ಕಂದಿದ ಹಾಳೆ.

ಬೇಸಿಗೆಯಿಡೀ ಎಣಿಸಿದೆ.
ಪಾವಿಗೆ ಹನ್ನೊಂದು, ಸರಾಸರಿ.
ಮೇಲೆ ಇಪ್ಪತ್ತೊಂದಕ್ಕೆ ಒಂದು ಗೆರೆ, ಕೆಳಗೆ ಒಂದಕ್ಕೆ ಇನ್ನೊಂದು.
ನಡುವೆ ಏರಿಳಿದರೆ ಅದು ಭಟ್ಟಿಯ ಉಸಿರು.
ಗೌಸ್‌ಮೊಹಿದ್ದೀನ್ ಸಾಹೇಬರು ಉಸಿರಿಗೂ ಬೈಯುವವರು.
ಹದಿನಾರು ಬಂದ ದಿನ ಕೂಗಾಡಿದರು, ಮರುದಿನ ಒಂಬತ್ತು:
"ನೋಡಿದ್ರಾ, ಬೈದ್ರೆ ಬಗ್ತದೆ."
ಏಳು ಬಂದ ದಿನ ದಾದಾಪೀರನಿಗೆ ಚಾ ತರಿಸಿದರು, ಮರುದಿನ ಹದಿಮೂರು:
"ಹೊಗಳಿದ್ರೆ ಕೆಡ್ತಾನೆ ನೋಡಿ."
ಬೈಗುಳಕ್ಕೂ ಚಾಕ್ಕೂ ಕಿವಿಯಿಲ್ಲದ ಚುಕ್ಕಿ
ತನ್ನಷ್ಟಕ್ಕೆ ಏರಿತು, ಇಳಿಯಿತು.

ಕಾರ್ತಿಕದಲ್ಲಿ ಜಗಳೂರಿನಿಂದ ಚೀಲ ವಾಪಸು.
ಮಿರ್ಚಿ ಗಾಡಿಯ ತಿಪ್ಪೇಶಿ ದವಡೆ ಹಿಡಿದೇ ಬಂದ:
"ಮಂಡಕ್ಕಿನೋ ಗರಸೋ, ಸಾಹೇಬ್ರೆ?"
ಎಲ್ಲರ ಬೆರಳು ದಾದಾಪೀರನ ಕಡೆ.
ಮರಳು ಕಾಯಿಸುವವನು ಅವನು, ಜರಡಿ ಆಡಿಸುವವನು ಅವನು,
ಇನ್ಯಾರ ತಪ್ಪು?
ವಾರದ ಬಟವಾಡೆಯಲ್ಲಿ ಇನ್ನೂರು ಮುರಿದರು.
ಅವನು ನೋಟು ಎಣಿಸಲಿಲ್ಲ. ಮಡಚಿ ಟೋಪಿಯೊಳಗಿಟ್ಟ.

ರಾತ್ರಿ ಹಾಳೆ ಹರಡಿ ಕೂತೆ.
ಕೊಟ್ರಮ್ಮ ಇಣುಕಿ, "ಇದ್ಯಾವ ರಂಗೋಲಿ?
ಚುಕ್ಕಿ ಇಟ್ಟೋರು ಎಳೆ ಕೂಡಿಸೋದಿಲ್ವೇನು?"
ಕೂಡಿಸಿದೆ.
ಹದಿನೈದು, ಹದಿನೇಳು, ಹದಿನಾಲ್ಕು, ಹದಿನೆಂಟು...
ಒಂದೂ ಗೆರೆ ದಾಟಿಲ್ಲ,
ಎಂಟೂ ಹನ್ನೊಂದರ ಮೇಲೆ, ತಂತಿಯ ಮೇಲಿನ ಕಾಗೆಗಳ ಹಾಗೆ.

ಇದು ಉಸಿರಲ್ಲ.

ಕೆಂಪಿನಲ್ಲಿ ದಾದಾಪೀರ, ನೀಲಿಯಲ್ಲಿ ಇಮಾಮ್‌ಸಾಬಿ:
ಎರಡೂ ಕಲಸಿಕೊಂಡವು. ಕೈಯದಲ್ಲ.
ಭತ್ತದ ಲೋಡು ಬೇರೆಮಾಡಿದೆ. ಅದೂ ಅಲ್ಲ.
ಉಪ್ಪುನೀರಿನ ತೊಟ್ಟಿ ಮೂರು ದಿನ ನಾನೇ ನೆಕ್ಕಿದೆ.
ಕೊನೆಗೆ ಕಣ. ಪಡುವಣ ಮೂಲೆಯಲ್ಲಿ ಒಣಗಿದ ಅಕ್ಕಿ ನೀಲಿ:
ನೀಲಿಯೆಲ್ಲ ಮೇಲೆ.

ಮೂರು ಗಂಟೆಗೆ ಹೋಗಿ ನಿಂತೆ.
ಪಕ್ಕದಲ್ಲಿ ಎದ್ದ ಕಲ್ಯಾಣಮಂಟಪದ ಹೊಸ ಗೋಡೆ,
ಅದರ ನೆರಳು
ಅಕ್ಕಿಯ ಮೇಲೆ ಒದ್ದೆ ಪಂಚೆಯ ಹಾಗೆ ಬಿದ್ದಿತ್ತು.
ಒಂದು ಹಿಡಿ ಎತ್ತಿದೆ. ಅಂಗೈಗೆ ತಂಪು.

ತಾಡಪಾಲು ಹನ್ನೆರಡು ಮಾರು ಮೂಡಲಿಗೆ ಎಳೆದೆವು.
ಅಷ್ಟೇ ಔಷಧಿ.

ಸಾಹೇಬರು ಮುರಿದ ದುಡ್ಡು ಕೊಡಲು ಹೇಳಿದರು,
ದಾದಾಪೀರನ ಕಡೆ ನೋಡದೆ.
ಅವನು ಹಾಳೆಯ ಹತ್ತಿರ ಬಂದು ಕೇಳಿದ:
"ಇದ್ರಾಗೆ ನಾನು ಎಲ್ಲಿದೀನಿ ಅಣ್ಣಾ?"
ಎಲ್ಲೂ ಇಲ್ಲ ಕಣಪ್ಪಾ ಅಂದೆ. ನಕ್ಕ.
ನನಗೆ ನಗು ಬರಲಿಲ್ಲ.

ಮಿಲ್ಲಿನಲ್ಲಿ ಮೂರನೇ ಪಾಳಿಯ ನೂಲು ಹರಿಯುತ್ತಿದ್ದಾಗ,
ದೊಡ್ಡವರು ನೋಡಲು ಬರುವ ಹಿಂದಿನ ರಾತ್ರಿ,
ಗೆರೆಯೊಳಗೆ ಒಪ್ಪವಾಗಿ ಕೂರುವ ಚುಕ್ಕಿ ಬರೆದವನು ನಾನೇ.
ಎಷ್ಟು ಚೆಂದದ ಹಾಳೆ, ಅಂದಿದ್ದರು.
ಹರಿದ ನೂಲಿಗೆ ದಂಡ ತೆತ್ತವರು ರಿಂಗ್ ಫ್ರೇಮಿನ ಹೆಂಗಸರು.
ರುದ್ರವ್ವ, ಮೆಹಬೂಬಿ, ಇನ್ನೊಬ್ಬಳ ಹೆಸರು ಮರೆತಿದ್ದೇನೆ.
ಯಾವ ಗೋಡೆಯ ನೆರಳಿತ್ತೋ ಅಲ್ಲಿ,
ನಾನು ಹೋಗಿ ನಿಲ್ಲಲೇ ಇಲ್ಲ.

ಈಗ ಮತ್ತೆ ಹನ್ನೊಂದು.
"ಸೊನ್ನೆ ಯಾಕಾಗಲ್ಲ?" ಸಾಹೇಬರ ಹೊಸ ಪ್ರಶ್ನೆ.
ಹನ್ನೊಂದು ಈ ಒಲೆಯದು, ಈ ಬಾಂಡಲೆಯದು;
ಇಳಿಸಬೇಕೆಂದರೆ ಒಲೆ ಕೆಡವಿ ಕಟ್ಟಬೇಕು, ಆಳನ್ನಲ್ಲ, ಅಂದೆ.
ಅವರು ಒಲೆಯನ್ನೇ ತುಸು ಹೊತ್ತು ನೋಡಿದರು.

ಸಂಜೆ ಕೊಟ್ರಮ್ಮ ಒಗ್ಗರಣೆ ಹಾಕಿ ಕೊಟ್ಟಳು.
ಕಟ್ ಅಂತ ಒಂದು ಹಲ್ಲಿಗೆ ಸಿಕ್ಕಿತು.
ತೆಗೆದು ತಟ್ಟೆಯಂಚಿಗಿಟ್ಟೆ.
"ಎಣಿಸಬೇಡ, ಉಣ್ಣು," ಅಂದಳು.