ಅವನ ವಾರ

ಭಾನುವಾರ ಸಂಜೆ ಏಳಕ್ಕೆ ಗಾಡಿ ಕೈ ಬದಲಾಗಬೇಕು.
ಅದು ಕರಾರು.
ಲಿಯೊನಿಲ್ಡಳ ಹೋಟೆಲಿನ ಹಿಂದೆ, ಅಂಜೂರದ ಕೆಳಗೆ ನಿಲ್ಲಿಸಿ,
ಬೀಗದ ಕೈಯನ್ನು ಒಡಕು ಕುಂಡದಡಿ ಇಟ್ಟು
ಒಬ್ಬ ಆ ಬೀದಿಯಿಂದ ಹೋದಮೇಲೆ
ಇನ್ನೊಬ್ಬ ಈ ಬೀದಿಯಿಂದ ಬರುವುದು.
ಹತ್ತೊಂಬತ್ತು ವರ್ಷದಲ್ಲಿ ಎದುರುಬದುರಾದದ್ದು ಎರಡೇ ಸಲ,
ಎರಡೂ ಸಲ ಶವದ ಹಿಂದೆ.

ಐವತ್ತು ಸಿಸಿಯ ಕಸಾಲ್. ಎಪ್ಪತ್ತಾರನೇ ಇಸವಿಯದು.
ಬಣ್ಣ ಕಿತ್ತಳೆ, ಅಂದರೆ ಈಗ
ಒಣಗಿ ಮೂಲೆ ಸೇರಿದ ಕಿತ್ತಳೆ ಸಿಪ್ಪೆಯದು.
ಅಲೆಂತೇಜುವಿನ ಒಂದು ಬೇಸಿಗೆಯಿಡೀ
ಅಣ್ಣ ಕೊಡಲಿಯಲ್ಲಿ ಗೀರಿ, ನಾನು ಅಂಚು ಎಬ್ಬಿಸಿ,
ಬಿರಡೆ ಮರಗಳ ತೊಗಟೆ ಸುಲಿದ ಕೂಲಿ ಅದರಲ್ಲಿದೆ.
ಕಾಗದದಲ್ಲಿ ಅದೆರಿತು ಎಂದು ಅವನ ಹೆಸರೊಂದೇ;
ಆಗ ನನಗೆ ಹದಿನಾರು.
ನಮ್ಮ ಮಾತಿನಲ್ಲಿ ಕಸಾಲ್ ಅಂದರೆ ದಂಪತಿ.
ಊರವರು ನಗುವುದು ಬಿಟ್ಟು ಬಹಳ ಕಾಲವಾಯಿತು.

ಜಗಳ ಹುಟ್ಟಿದ್ದು ಎಣ್ಣೆಯಲ್ಲಿ:
ಲೀಟರು ಪೆಟ್ರೋಲಿಗೆ ಎಷ್ಟು ಬೆರೆಸಬೇಕು?
ಅವನ ಕೈ ಧಾರಾಳ, ಹಿಂದೆ ನೀಲಿ ಹೊಗೆಯ ಮೆರವಣಿಗೆ.
ನಾನು ಅಳೆದು ಹನಿಸುವವನು; ಒಮ್ಮೆ ಪಿಸ್ಟನ್ ಕಚ್ಚಿಕೊಂಡಿತು, ಒಪ್ಪುತ್ತೇನೆ.
ಪಿಸ್ಟನ್ನಿನಿಂದ ಮಾತು ಅಪ್ಪನ ಬಾವಿಗೆ ಜಿಗಿಯಿತು,
ಬಾವಿಯಿಂದ ಅವನ ಹೆಂಡತಿಯ ತವರಿಗೆ.
ಅಲ್ಲಿಂದ ಮುಂದೆ ಎಣ್ಣೆ-ಸೀಗೆಕಾಯಿ.

ಲಿಸ್ಬನ್ನಿನ ಒಬ್ಬ ಬಂದ, ಹಳೇ ಗಾಡಿ ಕೂಡಿಡುವವನು.
ಎರಡು ಸಾವಿರ ಯೂರೋ ಎಣಿಸಿ ಮೇಜಿನ ಮೇಲಿಟ್ಟ.
ಅಣ್ಣನನ್ನು ಕೇಳಿ, ಅಂದೆ.
ತಮ್ಮನನ್ನು ಕೇಳಿ, ಅಂದನಂತೆ ಅವನು.

ಗಾಡಿಯೇ ಎಲ್ಲ ಹೇಳುತ್ತಿತ್ತು.
ಅವನು ಗಿಡ್ಡ; ನನ್ನ ಸೋಮವಾರ ಕನ್ನಡಿಯಲ್ಲಿ ಮೊದಲು ಕಾಣುವುದು
ನನ್ನದೇ ಅಂಗಿಯ ಮೂರನೆಯ ಗುಂಡಿ.
ಸೀಟಿನಂಚಿಗೆ ಮೀನಿನ ಪೊರೆ ಅಂಟಿದ್ದರೆ ಸಂತೆಗೆ ಹೋಗಿದ್ದಾನೆ.
ಸರಪಳಿಗೆ ಹೊಸ ಗ್ರೀಸು: ನಿದ್ದೆ ಬಂದಿಲ್ಲ.
ಹ್ಯಾಂಡಲ್ಲಿಗೆ ಕಪ್ಪು ದಾರ ಸುತ್ತಿದ್ದ ವಾರ
ಅತ್ತಿಗೆ ಹೋದಳೆಂದು ಯಾರೂ ಹೇಳಬೇಕಾಗಲಿಲ್ಲ.
ಆ ದಾರವನ್ನು ನಾನು ಬಿಚ್ಚಲಿಲ್ಲ. ತಾನೇ ಸವೆಯಿತು.

ಈ ಫೆಬ್ರುವರಿ, ಬಾದಾಮಿ ಹೂಬಿಟ್ಟ ಸೋಮವಾರ,
ಹತ್ತಿ ಕೂತು ಕನ್ನಡಿಗೆ ಕೈ ಹಾಕಿದರೆ
ಅದರಲ್ಲಿ ನೆಟ್ಟಗೆ ರಸ್ತೆ.
ನಾನು ಬಿಟ್ಟ ಹಾಗೇ ಇದೆ.
ಟ್ಯಾಂಕು ತುಂಬಿದೆ, ಅವನ ಪಾಲು ಚುಕ್ತಾ.
ಸ್ಪೋಕುಗಳನ್ನು ಒಂದೊಂದಾಗಿ ಒರೆಸಿದ್ದಾನೆ.
ಮೀಟರು ಮಾತ್ರ ಕದಲಿಲ್ಲ.
ಮುಂದಿನ ಸರದಿ ನೋಡಿದೆ. ಅದರ ಮುಂದಿನದೂ.
ಮೂರು ಸರದಿ ಗಾಡಿಯನ್ನು ತಳ್ಳಿಕೊಂಡು ಹೋಗಿ,
ಮೀಯಿಸಿ, ತಳ್ಳಿಕೊಂಡೇ ತಂದು ನಿಲ್ಲಿಸಿದ್ದಾನೆ.

ಮೊಣಕಾಲೋ? ಕಣ್ಣೋ? ಯಾರನ್ನು ಕೇಳಲಿ?
ಮರಕ್ಕಾದರೆ ಸುಲಿದ ವರ್ಷವನ್ನು ಬಿಳಿ ಬಣ್ಣದಲ್ಲಿ ಬರೆಯುತ್ತೇವೆ,
ಒಂಬತ್ತು ವರ್ಷ ಮುಟ್ಟಬೇಡಿ ಎಂದು.
ಮನುಷ್ಯನ ಮೈಮೇಲೆ ಎಲ್ಲಿ ಹುಡುಕುವುದು?

ಭಾನುವಾರ ಏಳಾಯಿತು. ನಾನು ಹೋಗಲಿಲ್ಲ.
ಸೀಟಿನ ಮುಂತುದಿಗೆ ಜರುಗಿ ಅಂಜೂರದ ಕೆಳಗೆ ಕೂತೇ ಇದ್ದೆ.
ಅಣ್ಣ ಬಂದ. ನಿಂತ. ಕುಂಡವನ್ನು ನೋಡಿದ, ನನ್ನನ್ನಲ್ಲ.
"ಎಣ್ಣೆ ಎಷ್ಟು ಹಾಕಿದ್ದೀಯ?" ಅಂದ.
ಹತ್ತೊಂಬತ್ತು ವರ್ಷದ ಮೇಲೆ, ಇದು!
"ನಿನ್ನ ಲೆಕ್ಕದಷ್ಟೇ," ಅಂದೆ.

ಹತ್ತಲು ಅವನಿಗೆ ಎರಡು ಸಲ ಬೇಕಾಯಿತು. ನಾನು ತಿರುಗಲಿಲ್ಲ.
ಇಬ್ಬರು ಮುದುಕರ ಭಾರಕ್ಕೆ ಸ್ಪ್ರಿಂಗುಗಳು ನರಳಿ,
ಮೂರನೇ ಕಿಕ್ಕಿಗೆ ಹೊಲಿಗೆ ಯಂತ್ರದ ಸದ್ದು.
ಇಳಿಜಾರಿನಲ್ಲಿ ನಲವತ್ತು, ದೇವರಾಣೆ ನಲವತ್ತು!
ಸೇತುವೆ ದಾಟಿ ಏರು ಸಿಕ್ಕಿದ್ದೇ
ಎರಡನೇ ಗೇರು, ಒಂದನೇ ಗೇರು,
ಆಮೇಲೆ ಯಾವ ಗೇರೂ ಇಲ್ಲ.

ಇಳಿದೆವು. ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ತಳ್ಳಿದೆ.
ಕನ್ನಡಿಯಲ್ಲಿ ನನ್ನ ಟೋಪಿ ಅವನಿಗೆ ಕಾಣುತ್ತಿತ್ತೇನೋ;
ಹೊರಡುವ ಮುಂಚೆಯೇ ಅದನ್ನು ಅವನ ಎತ್ತರಕ್ಕೆ ತಿರುಗಿಸಿದ್ದೆ.
"ದಾರಿಯುದ್ದ ಹೊಗೆಯೇ ಇರಲಿಲ್ಲವಲ್ಲೋ,"
ಅಂದ, ಮುಂದೆ ನೋಡುತ್ತಲೇ,
"ಸುಳ್ಳ."